ಬಂದವರಿಗೊಂದು ಬೆಂಚು

ಕನ್ನಡದ ಮೇಷ್ಟ್ರುಗಳಿಗೆ ಒಂದು ಚಟವಿದೆ. ಪದವೊಂದು ಕಿವಿಗೆ ಬಿದ್ದರೆ ಸುಮ್ಮನೆ ಬಿಡುವವರಲ್ಲ. ಬಿಡಿಸಿ, ಹಿಂಜಿ, ಅದರ ಹುಟ್ಟು ಬೆಳವಣಿಗೆಗಳನ್ನೆಲ್ಲ ವಿಚಾರಿಸಿದ ಮೇಲೆಯೇ ಸಮಾಧಾನ. ಈಚಿನ ವರ್ಷಗಳಲ್ಲಿ ನನ್ನನ್ನು ಹೀಗೆ ಕಾಡಿದ ಪದ ‘ನಿರಾಶ್ರಿತ’. ಅರ್ಥದಲ್ಲಿ ತೊಡಕೇನೂ ಇಲ್ಲ: ಆಶ್ರಯವಿಲ್ಲದವನು. ಹಾಗಿದ್ದರೆ ಆಶ್ರಯ ಸಿಕ್ಕಿದ ದಿನವೇ ಈ ಹೆಸರು ಅವನನ್ನು ಬಿಟ್ಟು ಹೋಗಬೇಕಲ್ಲವೆ? ಉಂಡೆದ್ದವನನ್ನು ಯಾರೂ ಹಸಿದವನೆಂದು ಕರೆಯುವುದಿಲ್ಲ. ನೆಂಟನಾದರೂ ನಾಲ್ಕು ದಿನ ಹೆಚ್ಚಿಗೆ ಉಳಿದರೆ ಮನೆಯವನೇ ಆಗಿ ಸಂತೆಗೆ ಚೀಲ ಹಿಡಿಯಬೇಕಾಗುತ್ತದೆ. ಆದರೆ ಮನೆ, ಹೊಲ, ಮೊಮ್ಮಕ್ಕಳು ಎಲ್ಲ ಇದ್ದು, ಅರವತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಊರಿನಲ್ಲಿ ಬಾಳಿದ ಎಂಬತ್ತರ ಅಜ್ಜಿಯೊಬ್ಬರು ಕಾಗದಪತ್ರಗಳಲ್ಲಿ ಇಂದಿಗೂ ನಿರಾಶ್ರಿತರೇ. ಅವರು ನನಗೆ ಪರಿಚಿತರು. ಪ್ರತಿ ಭಾನುವಾರ ನಾವು ನಡೆಸುವ ಕೋಣೆಗೆ ಬರುತ್ತಾರೆ.

ಕೋಣೆ ಎಂದರೆ ಕೋಣೆಯೇ, ಹೆಚ್ಚೇನೂ ಊಹಿಸಿಕೊಳ್ಳಬೇಡಿ. ಬೈಲಕುಪ್ಪೆಯ ಟಿಬೆಟನ್ ವಸತಿಗೆ ಹತ್ತಿರದ ಪೇಟೆಯಲ್ಲಿ, ಹಿಂದೆ ಹೊಗೆಸೊಪ್ಪಿನ ಬೇಲುಗಳನ್ನು ಪೇರಿಸುತ್ತಿದ್ದ ಒಂದು ಉಗ್ರಾಣ. ಸುಣ್ಣ ಬಳಿಸಿ ಒಂಬತ್ತು ವರ್ಷವಾದರೂ ಮಳೆಗಾಲದಲ್ಲಿ ಗೋಡೆ ಹೊಗೆಸೊಪ್ಪಿನ ವಾಸನೆ ಬಿಡುತ್ತದೆ. ನಡೆಸುವವರು ಐದು ಜನ: ನಾನು, ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರು, ಔಷಧಿ ಅಂಗಡಿಯ ಮಿತ್ರರು, ಶಾಲೆಯ ಟೀಚರೊಬ್ಬರು, ಮತ್ತು ವಸತಿಯ ಒಬ್ಬ ತರುಣಿ. ಮೊದಲ ದಿನ ಬೋರ್ಡಿಗೆ ಏನು ಬರೆಸುವುದೆಂಬ ಚರ್ಚೆ ನಡೆಯಿತು. ‘ನಿರಾಶ್ರಿತರ ನೆರವಿನ ಕೇಂದ್ರ’ ಎಂದು ಯಾರೋ ಸೂಚಿಸಿದರು. ಪೋಸ್ಟ್‌ಮಾಸ್ಟರರು ಕನ್ನಡಕ ತೆಗೆದು, “ಬಾಗಿಲ ಮೇಲೆ ಹಾಗೆ ಬರೆದರೆ, ಒಳಗೆ ಕಾಲಿಡುವವನ ಹಣೆಗೂ ಆ ಚೀಟಿ ಅಂಟಿಸಿದ ಹಾಗಾಯಿತಲ್ಲ ಮೇಷ್ಟ್ರೇ?” ಎಂದರು. ಬದುಕೆಲ್ಲ ಚೀಟಿ ಅಂಟಿಸಿದವರ ಮಾತು, ಒಪ್ಪಲೇಬೇಕಾಯಿತು. ಬೋರ್ಡಿನಲ್ಲಿ ಈಗ ‘ಭಾನುವಾರದ ಕೋಣೆ’ ಎಂದಷ್ಟೇ ಇದೆ.

ಬೈಲಕುಪ್ಪೆಯ ಸ್ವರ್ಣದೇಗುಲವನ್ನು ನೋಡದ ನಗರವಾಸಿಗಳು ಕಡಿಮೆ. ಮಕ್ಕಳನ್ನು ಕಾರಿನಲ್ಲಿ ಕರೆತಂದು, ಬಂಗಾರದ ಬುದ್ಧನ ಮುಂದೆ ಚಿತ್ರ ತೆಗೆಸಿಕೊಂಡು, ಮೊಮೊ ತಿಂದು ಮಡಿಕೇರಿಗೆ ಹೋಗುವುದು ವಾಡಿಕೆ. ಆ ದೇಗುಲ ಉದ್ಘಾಟನೆಯಾದದ್ದು 1999ರಲ್ಲಿ. ವಸತಿಯ ಕಥೆ ಅದಕ್ಕಿಂತ ಹಳೆಯದು. 1959ರ ಮಾರ್ಚಿಯಲ್ಲಿ ದಲೈ ಲಾಮಾ ಲಾಸಾ ನಗರವನ್ನು ಬಿಟ್ಟು ಭಾರತಕ್ಕೆ ಬಂದರು; ಅವರ ಹಿಂದೆ ಸಾವಿರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸಕ್ಕೆ ನಿಂತ ಅವರಿಗೆ ನೆಲೆ ಕಲ್ಪಿಸಲು ನೆಹರೂ ರಾಜ್ಯಗಳನ್ನು ಕೇಳಿಕೊಂಡಾಗ, ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುನೆಲವನ್ನು ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂತು. ಭಾರತದಲ್ಲಿ ಟಿಬೆಟನ್ನರ ಮೊತ್ತಮೊದಲ ವಸತಿ ಅದೇ. ಮುಂದೆ 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯದು, ಆಮೇಲೆ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಗಳಲ್ಲಿ ಇನ್ನೆರಡು.

ಈ ಇಸವಿಗಳ ಒಳಗಿರುವುದನ್ನು ನಮ್ಮ ಅಜ್ಜಿ ಹೇಳಬೇಕು. ಅವರನ್ನು ಎಲ್ಲರೂ ‘ಅಮಾಲಾ’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಗೌರವದಿಂದ ತಾಯಿಯನ್ನು ಕರೆಯುವ ಮಾತು. ಬಂದಾಗ ಅವರಿಗೆ ಹದಿನೈದು. ಚಳಿಯ ನಾಡಿನ ಉಣ್ಣೆಯ ಉಡುಪಿನಲ್ಲೇ ಏಪ್ರಿಲ್ ಬಿಸಿಲನ್ನು ಕಂಡವರು. ಹಗಲು ಮರ ಕಡಿದು ಸುಡುವುದು, ರಾತ್ರಿ ಗುಡಾರದ ಹೊರಗೆ ಡಬ್ಬ ಬಡಿದು ಆನೆ ಓಡಿಸುವುದು. ಆನೆಗೆ ಸಿಕ್ಕಿ ಸತ್ತವರಿದ್ದರು. ಕನ್ನಡವನ್ನು ಅವರು ಕಲಿತದ್ದು ಜೊತೆಯಲ್ಲಿ ಕೂಲಿಗೆ ಬರುತ್ತಿದ್ದ ಸುತ್ತಲ ಹಳ್ಳಿಯ ಹೆಂಗಸರಿಂದ. ಆದ್ದರಿಂದ ಅವರದು ಅಚ್ಚ ಪಿರಿಯಾಪಟ್ಟಣದ ಕನ್ನಡ. ಒಮ್ಮೆ ನಾನು ತರುಣ ಭಿಕ್ಷುಗಳಿಗೆ ವಿಭಕ್ತಿ ಪ್ರತ್ಯಯಗಳನ್ನು ವಿವರಿಸುತ್ತಿದ್ದಾಗ ಮೂಲೆಯಿಂದ ಕೇಳಿಸಿಕೊಂಡು, “ಗೆನ್‌ಲಾ, ನಿಮ್ದು ಬುಕ್ಕಿನ ಕನ್ನಡ. ಇದ್ರಲ್ಲಿ ಆನೆ ಓಡ್ಸಕ್ಕಾಗಕಿಲ್ಲ” ಎಂದರು. ಗೆನ್‌ಲಾ ಎಂದರೆ ಮೇಷ್ಟ್ರು. ನನ್ನ ಎಂ.ಎ. ಪದವಿಗೆ ಇದಕ್ಕಿಂತ ನೇರವಾದ ವಿಮರ್ಶೆ ಇದುವರೆಗೆ ಬಂದಿಲ್ಲ. ಅಂದಿನಿಂದ ನಮ್ಮ ಪಾಠದಲ್ಲಿ ವಿಭಕ್ತಿ ಹಿಂದಕ್ಕೆ ಹೋಗಿ, ‘ಚಿಲ್ಲರೆ ಕೊಡಿ’, ‘ಬಸ್ಸು ಎಲ್ಲಿ ನಿಲ್ಲುತ್ತೆ’, ‘ಇಲ್ಲಿ ನೋಯುತ್ತೆ ಡಾಕ್ಟ್ರೇ’ ಎಂಬ ವಾಕ್ಯಗಳು ಮುಂದಕ್ಕೆ ಬಂದವು.

ಇಂಥ ಕೋಣೆಯೊಂದನ್ನು ನಡೆಸಲು ಬೇಕಾದ ವಿದ್ಯೆ ಯಾವ ಗ್ರಂಥದಲ್ಲೂ ಇದ್ದಂತಿಲ್ಲ. ನಡೆಸುತ್ತ ನಡೆಸುತ್ತ ಕೆಲವು ನಿಯಮಗಳು ತಾವಾಗಿಯೇ ಕೂಡಿಬಂದಿವೆ. ಮೇಜಿನ ಆ ಕಡೆ ನಾವು, ಈ ಕಡೆ ಅವರು ಎಂಬ ಏರ್ಪಾಡಿಲ್ಲ; ಒಂದೇ ಉದ್ದನೆಯ ಬೆಂಚು, ಅರ್ಜಿ ಬರೆಯುವವನೂ ಬರೆಸುವವನೂ ಪಕ್ಕದಲ್ಲಿ ಕೂರುವುದು. ಬಂದವರ ಕಥೆಯನ್ನು ನಾವಾಗಿ ಕೇಳುವುದಿಲ್ಲ. ಕಥೆ ಹೇಳಿದವನಿಗೆ ಮಾತ್ರ ಕಾಫಿ ಎಂಬ ಲೆಕ್ಕ ಆಗಬಾರದು. ಹಳೆಯ ಬಟ್ಟೆಯ ಗಂಟು ತಂದು, ಕೊಡುವಾಗ ಚಿತ್ರ ತೆಗೆಸಿಕೊಳ್ಳಬೇಕೆನ್ನುವ ದಾನಿಗಳಿಗೆ ಕೈಮುಗಿದು ಗಂಟನ್ನೂ ಹಿಂದಕ್ಕೆ ಕಳುಹಿಸುತ್ತೇವೆ. ಇನ್ನು ಫ್ಲಾಸ್ಕು ಎರಡು. ಒಂದರಲ್ಲಿ ನಮ್ಮ ಸಕ್ಕರೆ ಕಾಫಿ. ಇನ್ನೊಂದರಲ್ಲಿ ಬೆಣ್ಣೆ, ಉಪ್ಪು ಹಾಕಿ ಕಡೆದ ಅವರ ಚಹಾ. ಉಪ್ಪಿನ ಚಹಾವನ್ನು ಚಹಾ ಎಂದು ತಿಳಿದು ಕುಡಿದರೆ ಕಷ್ಟ. ಸಾರು ಎಂದು ತಿಳಿದು ಕುಡಿದರೆ ಬಹಳ ಚೆನ್ನಾಗಿದೆ. ಹಲವು ಜಗಳಗಳಿಗೂ ಇದೇ ಮದ್ದೇನೋ.

ಕೆಲಸದ ಬಹುಭಾಗ ಕಾಗದದ್ದು. ನಿರಾಶ್ರಿತರನ್ನು ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ. ಆಶ್ರಯ ಕೊಟ್ಟಿದ್ದೇವೆ, ಉದಾರವಾಗಿಯೇ ಕೊಟ್ಟಿದ್ದೇವೆ. ಆದರೆ ಅದು ಸರ್ಕಾರದ ಸೌಜನ್ಯವಾಗಿ ಬಂದದ್ದು, ಕಾನೂನಿನ ಹಕ್ಕಾಗಿ ಅಲ್ಲ. ಟಿಬೆಟನ್ನರು ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಉಳುವ ನೆಲ ಅವರ ಹೆಸರಿಗಿಲ್ಲ. ಪೌರತ್ವದ ಕಾನೂನಿನಂತೆ, 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ಟಿಬೆಟ್ಟಿನಲ್ಲಿ ಹುಟ್ಟಿದ ತಂದೆತಾಯಿಯರ ಮಕ್ಕಳಲ್ಲಿ, 1986ರಲ್ಲಿ ಹುಟ್ಟಿದ ಅಣ್ಣನಿಗೆ ಸಿಕ್ಕುವ ಈ ದೇಶ 1989ರಲ್ಲಿ ಅದೇ ಮನೆಯಲ್ಲಿ ಹುಟ್ಟಿದ ತಂಗಿಗೆ ಸಿಕ್ಕುವುದಿಲ್ಲ. ಅರ್ಹರಾದ ಎಷ್ಟೋ ಜನ ಅರ್ಜಿಯನ್ನೂ ಹಾಕುವುದಿಲ್ಲ. ಹಾಕಿದರೆ ತಮ್ಮ ನಾಡನ್ನು ಬಿಟ್ಟುಕೊಟ್ಟಂತಾಗುತ್ತದೆಂಬ ಭಾವ. ಬೆಂಚಿನ ಮೇಲೆ ಈ ಅಣ್ಣ ತಂಗಿಯರ ನಡುವೆ ಕುಳಿತು ನಮೂನೆ ತುಂಬುವಾಗ, ಎರಡು ಕಡೆಯ ಮೌನಗಳೂ ಬೇರೆ ಬೇರೆ ಎಂಬುದು ತಿಳಿಯುತ್ತದೆ.

ಇಷ್ಟು ಹೇಳಿ, ಎದುರು ಪಕ್ಷವನ್ನು ಮರೆಮಾಚಿದರೆ ಅದು ನ್ಯಾಯವಲ್ಲ. ನಮ್ಮ ಬೀದಿಯಲ್ಲಿ ಗೊಬ್ಬರದ ಅಂಗಡಿಯ ಯಜಮಾನರೊಬ್ಬರಿದ್ದಾರೆ. ಮಾತು ಒರಟು, ಮನಸ್ಸು ಒಳ್ಳೆಯದು. ಒಂದು ಸಂಜೆ ನನ್ನನ್ನು ನಿಲ್ಲಿಸಿ, “ಮೇಷ್ಟ್ರೇ, ನಾಗರಹೊಳೆಯಿಂದ ಎಬ್ಬಿಸಿದ ಜೇನುಕುರುಬರು ಇಲ್ಲೇ ಪಕ್ಕದಲ್ಲಿ ಗುಡಿಸಲಲ್ಲಿ ಇದಾರೆ. ಅವರಿಗೆ ನೆಲ ಇಲ್ಲ. ಹೊರಗಿಂದ ಬಂದೋರಿಗೆ 3000 ಎಕರೆ. ನೀವು ಯಾರಿಗೆ ಬೆಂಚು ಹಾಕಿದೀರಿ?” ಎಂದು ಕೇಳಿದರು. ಉತ್ತರ ಹೇಳುವುದು ನನಗೆ ಉಳಿದವರಿಗಿಂತ ಕಷ್ಟ. ಏಕೆಂದರೆ ನನ್ನ ತಾಯಿಯ ತವರು ಶರಾವತಿಯ ಹಿನ್ನೀರಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆಕೆ ಎಂಟು ವರ್ಷದ ಹುಡುಗಿ. ತೋಟ, ಮನೆ, ಶಾಲೆ ಎಲ್ಲ ಮುಳುಗಿ, ಲಾರಿಯಲ್ಲಿ ಪಾತ್ರೆ ಪಡಗ ತುಂಬಿಕೊಂಡು ಕಾಡಿನಂಚಿಗೆ ಬಂದ ಸಂಸಾರ. ನಾಡಿಗೆಲ್ಲ ಬೆಳಕು ಕೊಟ್ಟವರು ಸೀಮೆಎಣ್ಣೆಯ ಬುಡ್ಡಿಯಲ್ಲಿ ಉಂಡರು. ಶರಾವತಿ ಮುಳುಗಡೆಯ ಎಷ್ಟೋ ಸಂಸಾರಗಳು ಭೂಮಿಯ ಹಕ್ಕುಪತ್ರಕ್ಕಾಗಿ ಮೂರನೆಯ ತಲೆಮಾರಿನಲ್ಲೂ ಅಲೆದಿವೆ. ನನ್ನ ಸೋದರಮಾವಂದಿರೂ ಅವರಲ್ಲಿ ಸೇರಿದವರು. ಗೊಬ್ಬರದಂಗಡಿಯವರ ಪ್ರಶ್ನೆಯನ್ನು ನಾನು ಮನೆಯಲ್ಲೂ ಕೇಳಿದ್ದೇನೆ, ಮದುವೆಯ ಪಂಕ್ತಿಗಳಲ್ಲೂ ಕೇಳಿದ್ದೇನೆ.

ಕಳೆದ ವರ್ಷ ತಾಯಿ ನಮ್ಮಲ್ಲಿಗೆ ಬಂದು ನೆಲೆಸಿದರು. ಒಂದು ಭಾನುವಾರ, “ನಿನ್ನ ಕೋಣೆ ಎಂಥದ್ದು, ನೋಡ್ತೇನೆ” ಎಂದು ಹೊರಟರು. ನನಗೆ ಸ್ವಲ್ಪ ಅಳುಕೇ. ಅಮಾಲಾ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ತಾಯಿ ಸುತ್ತುಬಳಸಿಲ್ಲದೆ ಕೇಳಿದರು: “ನಿಮ್ಮೂರಲ್ಲಿ ಹೊಳೆ ಇತ್ತಾ?”

“ಇತ್ತು. ಚಳೀಲಿ ಕಲ್ಲಾಗ್ಬುಡದು.”

“ನಮ್ಮೂರ ಹೊಳೆಯೇ ನಮ್ಮೂರನ್ನ ನುಂಗಿತು ನೋಡಿ.”

ಅಮಾಲಾ ಸ್ವಲ್ಪ ಹೊತ್ತು ಜಪಮಾಲೆಯ ಮಣಿ ಸರಿಸುತ್ತಿದ್ದರು. ಆಮೇಲೆ, “ಬ್ಯಾಸಗೇಲಿ ನೀರಿಳಿದ್ರೆ ಕಾಣ್ತದಾ?” ಎಂದರು.

“ಹಿರೇಭಾಸ್ಕರದ ಹಳೇ ಕಟ್ಟೆ ಮೇಲೆ ಬರ್ತದೆ. ನಮ್ಮ ಮನೆ ಪಂಚಾಂಗ ಒಂದು ವರ್ಷ ಕಂಡಿತ್ತು. ಹೋಗಿ ಮುಟ್ಟಿ ಬಂದೆ.”

“ಪುಣ್ಯವಂತ್ರು ನೀವು. ನಮ್ದು ಯಾವ್ ಬ್ಯಾಸಗೇಲೂ ಕಾಣಾಕಿಲ್ಲ.”

ತಾಯಿ ಏನೂ ಹೇಳಲಿಲ್ಲ. ತಮ್ಮ ಕಾಫಿಯ ಲೋಟವನ್ನು ಕೆಳಗಿಟ್ಟು, ಆ ಇನ್ನೊಂದು ಫ್ಲಾಸ್ಕಿನದನ್ನು ಕೊಡು ಎಂದು ನನಗೆ ಸನ್ನೆ ಮಾಡಿದರು. ಅಂದು ರಾತ್ರಿ ಊಟಕ್ಕೆ ಕುಳಿತಾಗ, “ಮಾವಂದಿರ ಅರ್ಜಿಯನ್ನೂ ಅಲ್ಲೇ ಬರೆ. ಒಬ್ಬರದು ಬರೆದರೆ ಇನ್ನೊಬ್ಬರ ಶಾಯಿ ಖರ್ಚಾಗೋದಿಲ್ಲವಲ್ಲ” ಎಂದರು.

ನನಗೆ ಉತ್ತರ ಸಿಕ್ಕಿದ್ದು ಅಲ್ಲಿ. ಜೇನುಕುರುಬರಿಗೆ ನೆಲವಿಲ್ಲದಿರುವುದು ಅನ್ಯಾಯ. ಆದರೆ ಅದು ಅಮಾಲಾ ಮಾಡಿದ ಅನ್ಯಾಯವಲ್ಲ, ಅವರಿಂದ ಕಿತ್ತುಕೊಂಡರೆ ಸರಿಹೋಗುವಂಥದೂ ಅಲ್ಲ. ನೆಲೆ ತಪ್ಪಿದ ಇಬ್ಬರನ್ನು ಎದುರುಬದುರು ನಿಲ್ಲಿಸಿ, ಯಾರ ದುಃಖ ದೊಡ್ಡದೆಂದು ತೂಗುವುದು ನೆಲೆಯುಳ್ಳವರಿಗೆ ಬಹಳ ಅನುಕೂಲವಾದ ಆಟ. ತೂಗುತ್ತಿರುವಷ್ಟು ಹೊತ್ತು ಯಾರಿಗೂ ಏನೂ ಕೊಡಬೇಕಾಗಿಲ್ಲ. ಮುಂದಿನ ವಾರ ಗೊಬ್ಬರದಂಗಡಿಯವರನ್ನು ಕಂಡು, ಜೇನುಕುರುಬರ ಹಾಡಿಯಿಂದ ಯಾರು ಬಂದರೂ ಬೆಂಚು ಅವರದೂ ಹೌದು, ಕರೆತರುವ ಹೊಣೆ ನಿಮ್ಮದು ಎಂದೆ. ಗೊಣಗಿದರು, ಆದರೆ ಕರೆತಂದರು. ಈಗ ಅರಣ್ಯ ಹಕ್ಕಿನ ಅರ್ಜಿಗಳೂ, ಪಹಣಿ ತಿದ್ದುಪಡಿಗಳೂ, ಟಿಬೆಟನ್ನರ ನವೀಕರಣದ ನಮೂನೆಗಳೂ ಒಂದೇ ಮೇಜಿನ ಮೇಲೆ ಬೆರೆತು, ಬೇರ್ಪಡಿಸುವುದೇ ಪೋಸ್ಟ್‌ಮಾಸ್ಟರರಿಗೆ ದೊಡ್ಡ ಕೆಲಸವಾಗಿದೆ. ಅವರಿಗೆ ಅದರಲ್ಲಿ ಪರಮ ಸಂತೋಷ.

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ದೇಶವಿಭಜನೆಯ ಅನಂತರ ಫರೀದಾಬಾದಿನಲ್ಲಿ ಮಾಡಿದ ಕೆಲಸ ಇಂಥ ಹೊತ್ತಿನಲ್ಲಿ ನೆನಪಾಗುತ್ತದೆ. ವಾಯವ್ಯ ಗಡಿನಾಡಿನಿಂದ ಬಂದ ಜನಕ್ಕೆ ಗಂಜಿಯ ಸಾಲನ್ನು ಬೆಳೆಸುವ ಬದಲು, ಅವರ ಸಹಕಾರ ಸಂಘಗಳನ್ನು ಕಟ್ಟಿ, ಅವರ ಊರನ್ನು ಅವರ ಕೈಯಿಂದಲೇ ಕಟ್ಟಿಸಲು ನಿಂತವರು ಆಕೆ ಮತ್ತು ಆಕೆಯ ಸಂಗಡಿಗರು. ನಮ್ಮ ಹೊಗೆಸೊಪ್ಪಿನ ಕೋಣೆಯನ್ನು ಅಂಥ ಕೆಲಸದ ಪಕ್ಕದಲ್ಲಿ ನಿಲ್ಲಿಸುವ ಧಾರ್ಷ್ಟ್ಯ ನನಗಿಲ್ಲ. ಪಾಠ ಮಾತ್ರ ಒಂದೇ: ನೆಲೆ ತಪ್ಪಿ ಬಂದವನಿಗೆ ಕೊಡಬಹುದಾದ ದೊಡ್ಡ ವಸ್ತು, ತಾನೂ ಇನ್ನೊಬ್ಬರಿಗೆ ಏನಾದರೂ ಕೊಡಬಲ್ಲೆನೆಂಬ ಅವಕಾಶ.

ವಸತಿಯ ತರುಣರು ಈಗ ಒಬ್ಬೊಬ್ಬರಾಗಿ ಕೆನಡಾ, ಅಮೆರಿಕ, ಯೂರೋಪುಗಳಿಗೆ ಹೊರಟಿದ್ದಾರೆ. ನಮ್ಮೊಡನೆ ಐದನೆಯವಳಾಗಿ ದುಡಿದ ತರುಣಿಯೂ ಹೋದಳು. ಆಕೆಯ ಜಾಗಕ್ಕೆ, ಯಾರೂ ಕರೆಯದೆ, ಅಮಾಲಾ ಬಂದು ಬಾಗಿಲ ಬಳಿ ಕುಳಿತರು. ಹೋದ ತಿಂಗಳು ಕಾಫಿ ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಎಳೆಯ ದಂಪತಿ, ಕೈಗೂಸಿನೊಡನೆ, ಆಸ್ಪತ್ರೆಯ ಚೀಟಿ ಓದಿಸಲು ಬಂದು ಹೊಸ್ತಿಲಲ್ಲೇ ನಿಂತರು. ಒಳಗೆ ಬರಬಹುದೋ ಬಾರದೋ ಎಂಬ ಅನುಮಾನ. ಒಂದಕ್ಷರ ಕನ್ನಡ ಬರದು. ಅಮಾಲಾ ಎದ್ದು, ಬೆಂಚಿನ ಧೂಳನ್ನು ಸೆರಗಿಲ್ಲದ ತಮ್ಮ ಉಡುಪಿನ ತೋಳಿನಿಂದ ಒರೆಸಿ, ಪಿರಿಯಾಪಟ್ಟಣದ ಗಟ್ಟಿ ದನಿಯಲ್ಲಿ ಹೇಳಿದರು: “ಯಾಕ್ ನಿಂತ್ಕಂಡಿದ್ದೀರಿ? ಬನ್ನಿ, ಕೂತ್ಕಳಿ.”