ವೇಗದ ಲೆಕ್ಕ, ಮನೆಯ ಲೆಕ್ಕ

ಬಾಡಿಗೆಗೆ ಮನೆ ನೋಡಲು ಹೋದವರು ‘ನೀರು ಹೇಗೆ?’ ಎಂದು ಕೇಳುವುದು ಹಿಂದಿನಿಂದ ಬಂದ ರೂಢಿ. ಈಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ನೆಟ್ ಹೇಗೆ?’ ನೀರಿನ ವಿಷಯದಲ್ಲಿ ಜನ ಜಾಣರು. ಪೈಪು ಎಷ್ಟು ದಪ್ಪ ಎಂದು ಯಾರೂ ವಿಚಾರಿಸುವುದಿಲ್ಲ. ಎಷ್ಟು ಹೊತ್ತಿಗೆ ಬಿಡುತ್ತಾರೆ, ಬೇಸಿಗೆಯಲ್ಲಿ ಏನು ಗತಿ, ಕೆಟ್ಟರೆ ಸರಿಮಾಡುವವರು ಯಾರು ಎಂದು ಕೇಳುತ್ತಾರೆ. ನೆಟ್ಟಿನ ವಿಷಯ ಬಂದಾಗ ಮಾತ್ರ ಎಲ್ಲರೂ ಪೈಪಿನ ದಪ್ಪವನ್ನೇ ಕೇಳುತ್ತಾರೆ: ‘ನಿಮ್ಮದು ಎಷ್ಟು ಎಂ.ಬಿ.?’

ಸಾಗರದ ಪ್ರೌಢಶಾಲೆಯೊಂದರ ಗಣಿತದ ಮೇಷ್ಟ್ರ ಮನೆಯಲ್ಲಿ ಆದದ್ದೂ ಇದೇ. ಮಗಳು ದ್ವಿತೀಯ ಪಿ.ಯು.ಸಿ.ಗೆ ಬಂದಿದ್ದಳು. ಸಿ.ಇ.ಟಿ.ಗೆ ಓದಬೇಕು, ವಿಡಿಯೋ ಪಾಠ ನೋಡಬೇಕು, ಕಂಪ್ಯೂಟರಿನಲ್ಲಿ ಅಣಕು ಪರೀಕ್ಷೆ ಬರೆಯಬೇಕು. ಅಲ್ಲಿಯವರೆಗೆ ಅಪ್ಪನ ಮೊಬೈಲಿನ ಹಾಟ್‌ಸ್ಪಾಟೇ ಗತಿಯಾಗಿತ್ತು. ದಿನಕ್ಕೆ ಒಂದೂವರೆ ಜಿ.ಬಿ. ಸಂಜೆ ಏಳಕ್ಕೆ ಕುಳಿತರೆ ಎಂಟರೊಳಗೆ ಖಾಲಿ. ಮೇಷ್ಟ್ರು ಒಂದು ಭಾನುವಾರ ಎರಡು ಕಂಪೆನಿಗಳ ದರಪಟ್ಟಿ ತಂದು ಊಟದ ಮೇಜಿನ ಮೇಲೆ ಹರಡಿದರು. ಒಂದರಲ್ಲಿ 30 ಎಂ.ಬಿ.ಪಿ.ಎಸ್., ತಿಂಗಳಿಗೆ 399 ರೂಪಾಯಿ. ಇನ್ನೊಂದರಲ್ಲಿ 100, ತಿಂಗಳಿಗೆ 699. ಎಂಟನೆಯ ತರಗತಿಯ ಮಗ ತಡಮಾಡಲಿಲ್ಲ. ‘ನೂರರದ್ದೇ ಹಾಕ್ಸೋಣ ಅಪ್ಪಾ. ನನ್ನ ಫ್ರೆಂಡ್ಸ್ ಮನೇಲೆಲ್ಲ ನೂರೇ ಇರೋದು.’

ಈ ವೇಗದ ಹಸಿವಿಗೆ ಕಾರಣ ಇಲ್ಲದಿಲ್ಲ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಂಸ್ಥೆ ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿದಾಗ ಅದು ಬಂದದ್ದು ಟೆಲಿಫೋನ್ ತಂತಿಯಲ್ಲೇ. ಮುಂದೆ ಮನೆಗಳಿಗೆ ಬಂದ ಒಳ್ಳೆಯ ಮೋಡೆಮ್ ಎಂದರೆ ಸೆಕೆಂಡಿಗೆ 56 ಕಿಲೋಬಿಟ್. ಐದು ಎಂ.ಬಿ.ಯ ಒಂದು ಹಾಡು ಇಳಿಯಲು ಹನ್ನೆರಡು ನಿಮಿಷ ಬೇಕು. ಅಷ್ಟು ಹೊತ್ತೂ ಫೋನು ಎಂಗೇಜು. ಖರ್ಚೂ ಎರಡು ಕಡೆ: ಇಂಟರ್‌ನೆಟ್ಟಿಗೆ ಒಂದು, ಫೋನ್ ಕರೆಗೆ ಇನ್ನೊಂದು. 2004ರ ರಾಷ್ಟ್ರೀಯ ನೀತಿಯಲ್ಲಿ 256 ಕಿಲೋಬಿಟ್ ಇದ್ದರೆ ಸಾಕು, ಅದು ‘ಬ್ರಾಡ್‌ಬ್ಯಾಂಡ್’. 2013ರಲ್ಲಿ ಅದನ್ನು 512ಕ್ಕೆ ಏರಿಸಿದರು. 2023ರಲ್ಲಿ 2 ಮೆಗಾಬಿಟ್‌ಗೆ. ಹೀಗೆ ಬೊಗಸೆಯಲ್ಲಿ ನೀರು ಕುಡಿದು ಬೆಳೆದ ತಲೆಮಾರಿಗೆ ವೇಗವೊಂದೇ ಕೊರತೆಯಾಗಿತ್ತು. ಈಗ ಆ ಕೊರತೆ ಬಹುಮಟ್ಟಿಗೆ ನೀಗಿದೆ. 30 ಮೆಗಾಬಿಟ್ ಎಂದರೆ ಆ ಹಳೆಯ ಮೋಡೆಮ್‌ನ ಐನೂರು ಪಟ್ಟಿಗೂ ಮೇಲು. ಕೇಳುವ ಪ್ರಶ್ನೆ ಮಾತ್ರ ಹಳೆಯದೇ ಉಳಿದಿದೆ.

ಮೇಷ್ಟ್ರಿಗೆ ಲೆಕ್ಕವೆಂದರೆ ಹಬ್ಬ. ಅವರು ಮೊದಲು ಬಿಡಿಸಿದ್ದು ಬಿಟ್ಟು ಮತ್ತು ಬೈಟುಗಳ ಗಂಟನ್ನು. ದರಪಟ್ಟಿಯಲ್ಲಿ ವೇಗವನ್ನು ಅಳೆಯುವುದು ಬಿಟ್‌ನಲ್ಲಿ, ಫೈಲನ್ನು ಅಳೆಯುವುದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 30 ಎಂದು ಬರೆದಿದ್ದರೆ ಸೆಕೆಂಡಿಗೆ ಇಳಿಯುವುದು 3.75 ಎಂ.ಬಿ. ಒಂದು ಜಿ.ಬಿ.ಯ ಸಿನಿಮಾಕ್ಕೆ ಸುಮಾರು ನಾಲ್ಕೂವರೆ ನಿಮಿಷ. ನೂರರದ್ದಾದರೆ ಎಂಬತ್ತು ಸೆಕೆಂಡು.

‘ಮೂರು ನಿಮಿಷ ಉಳಿಯುತ್ತೆ. ಅದರಲ್ಲಿ ಏನು ಮಾಡ್ತೀಯೋ?’ ಎಂದರು ಮಗನನ್ನು. ಅವನ ಬಳಿ ಉತ್ತರವಿರಲಿಲ್ಲ.

ಮುಂದಿನ ಲೆಕ್ಕ, ಏಕಕಾಲದಲ್ಲಿ ಮನೆಗೆ ಬೇಕಾದದ್ದೆಷ್ಟು ಎಂಬುದು. ಎಚ್.ಡಿ. ವಿಡಿಯೋಕ್ಕೆ ಸುಮಾರು 5 ಮೆಗಾಬಿಟ್ ಬೇಕು. ಮಗಳ ಪಾಠಕ್ಕೆ 5, ಮುಂಬಾಗಿಲ ಕೋಣೆಯ ಟಿ.ವಿ.ಗೆ 5, ಅಜ್ಜಿ ಪುಣೆಯ ಮೊಮ್ಮಗನ ಮುಖ ನೋಡುವ ವಿಡಿಯೋ ಕರೆಗೆ 2, ಮಗನ ಆಟಕ್ಕೆ 1. ಎಲ್ಲರೂ ಒಮ್ಮೆಲೇ ಕುಳಿತರೂ 13. ಮಗಳು ಇನ್ನೊಂದನ್ನು ಕಂಡುಹಿಡಿದಿದ್ದಳು. ಕಪ್ಪು ಹಲಗೆಯ ಪಾಠಕ್ಕೆ ಎಚ್.ಡಿ. ಬೇಕಾಗಿಯೇ ಇಲ್ಲ. ಎಚ್.ಡಿ.ಯಲ್ಲಿ ಗಂಟೆಗೆ ಎರಡು ಕಾಲು ಜಿ.ಬಿ. ತಿನ್ನುವ ವಿಡಿಯೋ 480ರ ಗುಣಮಟ್ಟಕ್ಕೆ ಇಳಿಸಿದರೆ ಅರ್ಧ ಜಿ.ಬಿ. ತಿನ್ನುತ್ತದೆ, ಅಕ್ಷರ ಆಗಲೂ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ನೆಟ್ ಹಾಕಿಸಲಾಗದ ಮಕ್ಕಳಿಗೆ ಈ ಒಂದು ಉಪಾಯವೇ ದಿನಕ್ಕೆ ಮೂರು ಗಂಟೆಯ ಪಾಠ ದೊರಕಿಸುತ್ತದೆ.

ಹಣದ ಲೆಕ್ಕ ತಿಂಗಳಿನದಲ್ಲ, ವರ್ಷದ್ದು. ದೊಡ್ಡ ಅಕ್ಷರದ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಿ.ಎಸ್.ಟಿ. ಪ್ರತ್ಯೇಕ’ ಎಂದಿರುತ್ತದೆ, ಅದು ನೂರಕ್ಕೆ 18. ಹಾಗೆ ಸೇರಿಸಿದರೆ 399 ಎಂಬುದು 471, ವರ್ಷಕ್ಕೆ 5,650. ಜೋಡಿಸುವ ಶುಲ್ಕ ಸಾವಿರ ಕೂಡಿಸಿದರೆ 6,650. ಇನ್ನೊಂದು ಕಂಪೆನಿಗೆ ಜೋಡಿಸುವ ಶುಲ್ಕವಿಲ್ಲ, ಆದರೆ ಆರು ತಿಂಗಳ ಹಣ ಮುಂಗಡ, ವರ್ಷಕ್ಕೆ 9,898. ವ್ಯತ್ಯಾಸ ಮೂರು ಸಾವಿರದ ಮೇಲೆ. ಮಗಳು ಏನೂ ಹೇಳದೆ ತನ್ನ ಸಿ.ಇ.ಟಿ. ಪುಸ್ತಕಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

ಆದರೂ ಮೇಷ್ಟ್ರು ಕೂಡಲೇ ತೀರ್ಮಾನಿಸಲಿಲ್ಲ. ಎರಡು ಬೀದಿ ತಿರುಗಿ, ಹಾಕಿಸಿಕೊಂಡವರನ್ನೇ ವಿಚಾರಿಸಿದರು. ಪಕ್ಕದ ಮನೆಯ ನೂರರ ಸಂಪರ್ಕ ರೂಟರಿನ ಬಳಿ 90 ತೋರಿಸಿದರೆ, ಹಿಂದಿನ ಕೋಣೆಯಲ್ಲಿ 11ಕ್ಕೆ ಇಳಿದಿತ್ತು. ದೋಷ ಕಂಪೆನಿಯದಲ್ಲ, ಜಂಬಿಟ್ಟಿಗೆ ಗೋಡೆಯದು. ವೈ-ಫೈನ 5 ಗಿಗಾಹರ್ಟ್ಸ್ ಅಲೆ ವೇಗವಾದದ್ದು, ಆದರೆ ದಪ್ಪ ಗೋಡೆ ದಾಟಲಾರದು. 2.4ರ ಅಲೆ ನಿಧಾನ, ಆದರೆ ಗೋಡೆಗೆ ಅಷ್ಟಾಗಿ ಸೋಲದು. ರೂಟರನ್ನು ಟಿ.ವಿ.ಯ ಹಿಂದೆ ಅಡಗಿಸದೆ ಮನೆಯ ನಡುವೆ ಎತ್ತರದಲ್ಲಿ ಇಡಬೇಕು. ಪರೀಕ್ಷೆ ಬರೆಯುವ ಕಂಪ್ಯೂಟರಿಗೆ ನೇರವಾಗಿ ಕೇಬಲ್ ಎಳೆದರೆ ಇನ್ನೂ ಒಳ್ಳೆಯದು. ಇನ್ನೊಂದು ಸಂಗತಿಯೂ ತಿಳಿಯಿತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ಒಂದು ಕಂಪೆನಿಯ ರಿಪೇರಿಯವನು ಶಿವಮೊಗ್ಗದಿಂದ ಬರಬೇಕು. ಇನ್ನೊಬ್ಬ ಊರಿನವನೇ, ಸೈಕಲ್ ದೂರದಲ್ಲಿ ಅವನ ಮನೆ. 30ರ ಕಡೆಗೆ ತಕ್ಕಡಿ ವಾಲಿದ್ದು ಅಲ್ಲಿ.

ಇನ್ನು ಉಳಿದದ್ದು ಹಳೆಯ ಟೆಲಿಫೋನು. ಹೊಸ ಸಂಪರ್ಕದ ಜೊತೆ ಫೋನೂ ಪುಕ್ಕಟೆ ಬರುತ್ತದೆ, ಹಳೆಯದನ್ನು ತೆಗೆಸಿಬಿಟ್ಟರೆ ಅದರ ಬಾಡಿಗೆ ಉಳಿಯುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದಾಗ, ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತಿದರು.

‘ಕರೆಂಟು ಹೋದಾಗ ಅದು ಮಾತಾಡುತ್ತೇನೋ?’

ಎರಡು ದರಪಟ್ಟಿಯಲ್ಲೂ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಹಳೆಯ ಫೋನಿಗೆ ವಿದ್ಯುತ್ ಬರುವುದು ತಾಮ್ರದ ತಂತಿಯಲ್ಲೇ, ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ. ಮನೆಯಲ್ಲಿ ಕತ್ತಲಾದರೂ ಅದು ರಿಂಗಾಗುತ್ತದೆ. ಫೈಬರಿನದು ಗಾಜಿನ ಎಳೆ. ಅದರಲ್ಲಿ ಹೋಗುವುದು ಬೆಳಕು, ವಿದ್ಯುತ್ತಲ್ಲ. ಮನೆಯ ಮೋಡೆಮ್ ಆರಿದರೆ ಫೋನೂ ಆರಿತು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಬಹಳ ಹೊತ್ತಾದರೆ ಮೊಬೈಲ್ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಮೇಷ್ಟ್ರು ಶಾಲೆಗೆ, ಸೊಸೆ ಬ್ಯಾಂಕಿಗೆ, ಮಕ್ಕಳು ಓದಿಗೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿರುವುದು ಎದೆನೋವಿಗೆ ಮಾತ್ರೆ ನುಂಗುವ ಅಜ್ಜಿಯೊಬ್ಬರೇ.

ಹಾಗಾಗಿ ಹಳೆಯ ಫೋನು ಆ ಮಳೆಗಾಲಕ್ಕೆ ಉಳಿಯಿತು. ರೂಟರಿಗೆ ಒಂದು ಪುಟ್ಟ ಬ್ಯಾಟರಿ ಬಂತು. ಅಜ್ಜಿಯ ಸೆರಗಿನ ಗಂಟಿಗೆ ಗುಂಡಿ ಒತ್ತುವ ಸಾದಾ ಮೊಬೈಲೂ ಸೇರಿತು. ಡೇಟಾ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕನ್ನೂ ಬೇರೆಯಾಗಿ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದ್ದರಿಂದ, ನೋಡದ ಸಿನಿಮಾಗಳಿಗೆ ಅಜ್ಜಿ ದುಡ್ಡು ತೆರಬೇಕಾಗಲಿಲ್ಲ.

ಕಂಪೆನಿಗಳ ಚೀಟಿಯಲ್ಲಿ ವೇಗವೇ ಮೊದಲ ಸಾಲು, ಅದೂ ದಪ್ಪ ಅಕ್ಷರದಲ್ಲಿ. ಮೇಷ್ಟ್ರು ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಕ್ರಮ ಬೇರೆ: ಕಷ್ಟಕಾಲದಲ್ಲಿ ಫೋನು ನಡೆಯುತ್ತದೆಯೇ, ಕೆಟ್ಟರೆ ಯಾರು ಬರುತ್ತಾರೆ, ಮಗಳು ಕೂರುವ ಕೋಣೆಗೆ ತಲುಪುತ್ತದೆಯೇ, ವರ್ಷಕ್ಕೆ ಒಟ್ಟು ಎಷ್ಟು, ವೇಗ ಎಷ್ಟು. ಮರುದಿನ ಶಾಲೆಯ ಸಹೋದ್ಯೋಗಿಗಳಿಬ್ಬರು ಆ ಹಾಳೆಯನ್ನು ನಕಲು ಮಾಡಿಕೊಂಡರು. ಇಷ್ಟು ಚೆನ್ನಾದ ಮೊದಲ ಪ್ರಶ್ನೆ ಯಾರಿಗೆ ಹೊಳೆಯಿತು ಎಂದು ಕೇಳಿದವರಿಗೆ ಮೇಷ್ಟ್ರು, ‘ನಮ್ಮನೇಲಿ ಇಂಟರ್‌ನೆಟ್ಟನ್ನೇ ಬಳಸದವರಿಗೆ’ ಎಂದರು.