ಹೋಶೇಯ ಕಂಡ ನರೆಗೂದಲು

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹೋಶೇಯ ಅಂತ ಒಬ್ಬ ಪ್ರವಾದಿ ಬರುತ್ತಾನೆ. ಕ್ರಿಸ್ತಪೂರ್ವ 8ನೇ ಶತಮಾನದವನು. ತನ್ನ ನಾಡಾದ ಉತ್ತರ ಇಸ್ರೇಲನ್ನು ಅವನು ಒಬ್ಬ ಮನುಷ್ಯನಿಗೆ ಹೋಲಿಸುತ್ತಾನೆ. ಆ ಮನುಷ್ಯನ ಬಲವನ್ನು ಬೇರೆಯವರು ಹೀರುತ್ತಿದ್ದಾರೆ, ತಲೆಯಲ್ಲಿ ಅಲ್ಲಲ್ಲಿ ನರೆ ಬಂದಿದೆ, ಅವನಿಗೆ ಮಾತ್ರ ಯಾವುದೂ ಗೊತ್ತಿಲ್ಲ.

ಗೊತ್ತಾಗದೇ ಇರೋದಕ್ಕೂ ಕಾರಣ ಇತ್ತು. ಎರಡನೇ ಯಾರೊಬ್ಬಾಮನ ಕಾಲದಲ್ಲಿ ಗಡಿ ಹಿಗ್ಗಿತ್ತು, ಸಂಪತ್ತು ಬಂದಿತ್ತು. ರಾಜಧಾನಿ ಸಮಾರ್ಯವನ್ನು ಅಗೆದಾಗ ದಂತದ ಕೆತ್ತನೆಯ ಚೂರುಗಳು ಸಿಕ್ಕಿವೆ. ಅವನು ಸತ್ತ ಮೇಲೆ ಸುಮಾರು ಮೂರು ದಶಕದಲ್ಲಿ ಆರು ರಾಜರು, ಅವರಲ್ಲಿ ನಾಲ್ವರ ಕೊಲೆ. ಒಬ್ಬ ಆಳಿದ್ದು ಒಂದೇ ತಿಂಗಳು.

ಮೆನಹೇಮ ಅನ್ನುವ ರಾಜ ಅಸ್ಸೀರಿಯಾದ ಚಕ್ರವರ್ತಿಗೆ 1000 ತಲಾಂತು ಬೆಳ್ಳಿ ಕೊಟ್ಟ. ಅದನ್ನು ಸಿರಿವಂತರಿಂದ ತಲೆಗೆ 50 ಶೆಕೆಲ್‌ನಂತೆ ಎತ್ತಿದ. ತಲಾಂತಿಗೆ 3000 ಶೆಕೆಲ್ ಅಂತ ಲೆಕ್ಕ ಹಾಕಿದರೆ 60,000 ಜನ ಕೊಟ್ಟ ಹಾಗಾಯ್ತು. ಸೈನ್ಯ ವಾಪಸ್ ಹೋಯಿತು, ಸಿಂಹಾಸನ ಉಳೀತು. ಅವತ್ತಿನ ಮಟ್ಟಿಗೆ ಸಮಸ್ಯೆ ಬಗೆಹರಿದಿತ್ತು. ಕ್ರಿಸ್ತಪೂರ್ವ 722ರ ಹೊತ್ತಿಗೆ ಸಮಾರ್ಯ ಅಸ್ಸೀರಿಯಾದ ಪಾಲಾಯಿತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದು ದಿನಾ ಕಾಣುತ್ತೆ. ಸರ್ವರ್ ಒಮ್ಮೆಲೇ ಬಿದ್ದರೆ ರಾತ್ರಿ 2 ಗಂಟೆಗೂ ಅಲರ್ಟ್ ಬರುತ್ತೆ. ಮೆಮೊರಿ ಲೀಕ್ ಹಾಗಲ್ಲ. ನಿನ್ನೆಗೂ ಇವತ್ತಿಗೂ ವ್ಯತ್ಯಾಸವೇ ಕಾಣಲ್ಲ. ಒಂದು ತಿಂಗಳ ಗ್ರಾಫ್ ತೆಗೆದರೆ ಮಾತ್ರ ಗೆರೆ ಮೇಲೇರ್ತಾ ಬಂದಿರೋದು ಗೊತ್ತಾಗುತ್ತೆ.

ನಮ್ಮಪ್ಪನ ಕಿವಿ ಮಂದವಾಗಿದ್ದೂ ಹೀಗೇ. ಟಿವಿ ವಾಲ್ಯೂಮ್ 15 ಇದ್ದದ್ದು 30ಕ್ಕೆ ಹೋಗಿತ್ತು. ಕೇಳಿದರೆ, "ನೀವೆಲ್ಲ ಗೊಣಗ್ತೀರ, ಬಾಯಿ ಬಿಟ್ಟು ಮಾತಾಡಲ್ಲ" ಅನ್ನೋರು. ಮನೆಯವರಿಗೂ ಆ ಸದ್ದು ಅಭ್ಯಾಸ ಆಗಿಹೋಗಿತ್ತು. ಆರು ತಿಂಗಳ ಮೇಲೆ ಹಬ್ಬಕ್ಕೆ ಬಂದ ಅಕ್ಕ ಬಾಗಿಲಲ್ಲೇ ನಿಂತು, "ಅಪ್ಪಾ, ಯಾಕಿಷ್ಟು ಜೋರು? ಕಿವಿ ತೋರಿಸಿ ಬರೋಣ ನಡೀರಿ" ಅಂದಳು. ಅಪ್ಪನಿಗೆ ಸಿಟ್ಟು ಬಂತು. ಎರಡು ದಿನ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ತಾವೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಈಗ ಹಿಯರಿಂಗ್ ಏಡ್ ಇದೆ. ಮೊಮ್ಮಗಳು ಫೋನಲ್ಲಿ ಹೇಳುವ ಸ್ಕೂಲ್ ಕಥೆಗೆ ಸುಮ್ಮನೆ "ಹ್ಞೂಂ" ಅನ್ನೋ ಬದಲು ಪ್ರಶ್ನೆ ಕೇಳ್ತಾರೆ.

ನಮ್ಮ ತಲೆಯ ನರೆ ನಮ್ಮ ಕಣ್ಣಿಗೆ ಬೀಳಲ್ಲ. ಒಂದೋ ಕನ್ನಡಿ ಬೇಕು, ಇಲ್ಲಾ ಎದುರಿಗೆ ನಿಂತು ಹೇಳುವವರು ಬೇಕು. ಹೇಳುವವರಿಗೆ ಸಿಗೋದು ಹೆಚ್ಚಾಗಿ ಸಿಟ್ಟೇ. ಪ್ರವಾದಿಗೆ ಹುಚ್ಚ ಅನ್ನುವ ಹೆಸರು ಬಂದಿದ್ದು ಹೋಶೇಯನ ಪುಸ್ತಕದಲ್ಲೇ ಇದೆ. ಆದರೂ ಅವನು ನಾಡಿನ ಮೇಲೆ ಆಸೆ ಬಿಟ್ಟವನಲ್ಲ. ಕೊನೆಯ ಅಧ್ಯಾಯದಲ್ಲಿ, ಹಿಂದಿರುಗಿ ಬಾ, ಮತ್ತೆ ಚಿಗುರಬಹುದು ಅಂತ ಕರೀತಾನೆ. ಇನ್ನೂ ಸಮಯ ಇದೆ ಅನ್ನೋ ನಂಬಿಕೆ ಇರುವವರೇ ಎಚ್ಚರಿಸೋದು.

ಹಾಗಾಗಿ ಅಪರೂಪಕ್ಕೆ ಸಿಕ್ಕ ಗೆಳೆಯರೋ ಒಡಹುಟ್ಟಿದವರೋ "ಏನೋ ಇದು, ಹೀಗಾಗಿದೀಯ?" ಅಂದರೆ, ಕೂಡಲೇ ಉತ್ತರ ಕೊಡಬೇಡಿ. ಏನು ಕಂಡಿತು ಅಂತ ಕೇಳಿ, ಅವರ ಮಾತು ಮುಗಿಯುವವರೆಗೆ ಕಾಯಿರಿ.