ಸುರಪುರದಿಂದ ಯಾದಗಿರಿಗೆ

ಸುರಪುರದ ಬೆಟ್ಟದ ಮೇಲೆ ಟೇಲರ್ ಮಂಜಿಲವೆಂಬ ಹಳೆಯ ಬಂಗಲೆಯುಂಟು. ವೆಂಕಟಪ್ಪನಾಯಕನು ಬಾಲರಾಜನಾಗಿದ್ದಾಗ ಇಲ್ಲಿಗೆ ಬಂದ ಮೆಡೋಸ್ ಟೇಲರನು ಆ ಹುಡುಗನನ್ನು ಹಲವು ವರ್ಷ ಸಮೀಪದಿಂದ ಕಂಡವನು. ಮಗುವೊಂದನ್ನು ಅರಿಯಲು ಅಷ್ಟು ಸಾವಕಾಶವು ಈಗ ಯಾರಿಗುಂಟು?

ನಮ್ಮ ನೆರೆಮನೆಯ ಎಂಟು ವರ್ಷದ ಬಾಲಕನು ಕುಳಿತಲ್ಲಿ ಕುಳ್ಳಿರನು. ಪೆನ್ಸಿಲು, ಪುಸ್ತಕಗಳನ್ನು ದಿನವೂ ಕಳೆಯುವನು. ಅವಧಾನದ ಕೊರತೆಯೂ ಅತಿಚಾಂಚಲ್ಯವೂ ಕೂಡಿದ ಎ.ಡಿ.ಎಚ್.ಡಿ. ಇರಬಹುದೆಂದು ಶಾಲೆಯವರು ಹೇಳಿದರು; ಯಾರಿಗೆ ತೋರಿಸಬೇಕೆಂಬದನ್ನು ಹೇಳಲಿಲ್ಲ. ಶಾಲೆ ಬಿಡಿಸಿ ಹೊಲಕ್ಕೆ ಕಳಿಸುವದೆಂದು ತಂದೆಯ ನಿಶ್ಚಯ. "ಮಾಸ್ತರ್ರ, ನೀವರ ಜೋಡಿ ಬರ್ರಿ" ಎಂದು ತಾಯಿಯು ಬೇಡಿಕೊಳ್ಳಲು ಯಾದಗಿರಿಗೆ ಹೊರಟೆವು.

ಶಹಾಪುರದ ಬಳಿ ಮಲಗಿದ ಬುದ್ಧನಂತೆ ತೋರುವ ಬೆಟ್ಟಸಾಲು ಪ್ರಸಿದ್ಧವಾದುದು. ಅದುವರೆಗೆ ಬಸ್ಸಿನಲ್ಲಿ ಮೂರು ಸಲ ಸ್ಥಳ ಬದಲಿಸಿದ್ದ ಬಾಲಕನು ಬೆಟ್ಟವು ಮರೆಯಾಗುವವರೆಗೂ ಅದರಿಂದ ಕಣ್ಣು ತೆಗೆಯಲಿಲ್ಲ. "ಹಂಗಾದ್ರ ಇವನಿಗೆ ಏನೂ ಇಲ್ಲ, ಅಲ್ಲೇನ್ರಿ?" ಎಂದಳು ತಾಯಿ. ಮನಸ್ಸೊಪ್ಪಿದ ವಿಷಯದಲ್ಲಿ ಇಂಥ ಮಕ್ಕಳೂ ತಲ್ಲೀನರಾಗುವದುಂಟು. ಆದುದರಿಂದಲೇ ಒಂದು ನೋಟದಲ್ಲಿ ನಿರ್ಣಯಿಸಲಾಗದು. ಸಹಪ್ರಯಾಣಿಕರೊಬ್ಬರು ತಲೆಯ ಸ್ಕ್ಯಾನ್ ಮಾಡಿಸೆಂದರು. ಉಪದೇಶವೊಂದೇ ನಮ್ಮಲ್ಲಿ ಉಚಿತವಾಗಿ ದೊರೆಯುವದು! ಈ ದೋಷವನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಲ್ಲ.

ಭೀಮಾನದಿಯನ್ನು ದಾಟಿ ಯಾದಗಿರಿಯನ್ನು ಸೇರಿದೆವು. 2009ರ ಡಿಸೆಂಬರದಲ್ಲಿ ಇದು ಜಿಲ್ಲೆಯಾಗುವವರೆಗೆ ನಮ್ಮವರಿಗೆ ಕಲಬುರಗಿಯೇ ಜಿಲ್ಲಾಸ್ಥಳ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ತಪಾಸಿಸುವ 30 ತೊಂದರೆಗಳಲ್ಲಿ ಇದೂ ಒಂದು. ಆದುದರಿಂದ ಸರಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸುವದು ಯುಕ್ತ. ಮಕ್ಕಳ ವೈದ್ಯರು ಔಷಧವನ್ನು ಬರೆಯಲಿಲ್ಲ. ಕಿವಿ, ಕಣ್ಣು, ನಿದ್ರೆಗಳನ್ನು ವಿಚಾರಿಸಿದರು. ಕೇಳಿಸದ ಮಗುವೂ ಪಾಠಕ್ಕೆ ಗಮನ ಕೊಡದಷ್ಟೆ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ತೋರಿ, 6 ತಿಂಗಳಾದರೂ ನಿಂತು, ಮನೆ ಶಾಲೆಗಳೆರಡರಲ್ಲಿಯೂ ಕಾಣಬೇಕೆಂದು ತಿಳಿಸಿ, ಮನೋವೈದ್ಯರಲ್ಲಿಗೆ ಕಳಿಸಿದರು.

ವಾಚಕರು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮನೋವೈದ್ಯರು ವೈದ್ಯಶಾಸ್ತ್ರವನ್ನು ಓದಿದವರು, ಔಷಧ ಕೊಡಬಲ್ಲರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಬುದ್ಧಿ, ಕಲಿಕೆ, ನಡತೆಗಳನ್ನು ಪರೀಕ್ಷಿಸುವರು, ಔಷಧ ಬರೆಯರು. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ದಾಖಲಾಗಿದೆಯೇ ಎಂದು ಕೇಳುವದರಲ್ಲಿ ಸಂಕೋಚ ಬೇಡ. ಸಲಹಾಕಾರನೆಂಬ ಫಲಕವನ್ನು ಯಾರಾದರೂ ತೂಗಹಾಕಬಹುದು. ಸಂದೇಹವುಳಿದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಹೊರಡುವ ಮುನ್ನ ಟೆಲಿ ಮಾನಸದ 14416ಕ್ಕೆ ಫೋನು ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಮನೋವೈದ್ಯರು ಅಂದು ನಿರ್ಣಯ ಹೇಳಲಿಲ್ಲ. ಶಿಕ್ಷಕರು ತುಂಬಬೇಕಾದ ಪ್ರಶ್ನಾವಳಿಯನ್ನು ಕೊಟ್ಟು, ಮುಂದಿನ ಸಲ ತಂದೆಯೂ ಬರಲೆಂದರು. ಅದುವರೆಗೆ ಶಾಲೆ ಬಿಡಿಸುವದಿಲ್ಲವೆಂದು ಅವನು ಫೋನಿನಲ್ಲಿ ಒಪ್ಪಿದನು.